ತಾಯಿ ಕಾರ್ಡು, ಮೊಬೈಲು ಮತ್ತು ಒಂದು ಕೈಪಿಡಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಕುಳಿತು ನಾನು ಮಾಡುವ ಕೆಲಸ ಏನೆಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಆರೋಗ್ಯ ಕೇಂದ್ರಗಳಲ್ಲಿ ಬಳಸುವ ತಂತ್ರಾಂಶಗಳಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತೇನೆ. ಯಾವ ಬಟನ್ ಒತ್ತಬೇಕು, ಎಲ್ಲಿ ಏನು ತುಂಬಬೇಕು ಎಂದು ತಿಳಿಸುವ ಪುಸ್ತಕ. "ಇದಕ್ಕೂ ಪಗಾರ ಕೊಡ್ತಾರೇನಪಾ?" ಎಂದು ನಮ್ಮ ಸೋದರಮಾವ ಕೇಳಿದ್ದುಂಟು. ಕೊಡುತ್ತಾರೆ.

ಗರ್ಭಿಣಿಯ ಹೆಸರು ನೋಂದಾಯಿಸಲು ಕೊನೆಯ ಮುಟ್ಟಿನ ತಾರೀಖು ಬೇಕು. ಅದಕ್ಕೆ 280 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ನಮ್ಮ ಹೆಣ್ಣುಮಕ್ಕಳು "ಸೀಗಿ ಹುಣ್ಣಿಮಿ ಆಗಿ ನಾಕ್ ದಿನಕ್ಕ" ಎನ್ನುತ್ತಾರೆ. ಲೆಕ್ಕ ಸರಿಯಾದದ್ದೇ, ಗೋಡೆಯ ಕ್ಯಾಲೆಂಡರ್ ನೋಡಿದರೆ ತಾರೀಖು ಸಿಗುತ್ತದೆ. ಆದರೆ ದಿನ ಮೊದಲೋ ತಿಂಗಳು ಮೊದಲೋ ಎಂದು ಪರದೆಯ ಮೇಲೆ ಬರೆಯದಿದ್ದರೆ ಮಾರ್ಚ್ 4 ಹೋಗಿ ಏಪ್ರಿಲ್ 3 ಆಗಿಬಿಡುತ್ತದೆ. ಹೆರಿಗೆಯ ದಿನ 30 ದಿನ ಮುಂದೆ ಹೋಯಿತು. ದಿನ ತುಂಬಿದ ಬಸುರಿಯನ್ನು ಇನ್ನೂ ಎಂಟು ತಿಂಗಳಾಯಿತೆಂದು ಬಿಟ್ಟರೆ ಗತಿಯೇನು?

ಇನ್ನು ಹೆಸರು. ಆಧಾರಿನಲ್ಲಿ ತವರಿನ ಅಡ್ಡಹೆಸರು, ರೇಷನ್ ಕಾರ್ಡಿನಲ್ಲಿ ಗಂಡನ ಮನೆಯದು. ಚೊಚ್ಚಲ ಹೆರಿಗೆ ತವರಿನಲ್ಲಿ. ಅಲ್ಲಿಯ ನರ್ಸಕ್ಕ ಹೆಸರಿನಿಂದ ಹುಡುಕಿದರೆ ಈಕೆ ಸಿಗುವುದಿಲ್ಲ. ಹೊಸದಾಗಿ ಬರೆದುಕೊಂಡರೆ ಒಬ್ಬಳೇ ಇಬ್ಬರಾಗುತ್ತಾಳೆ. ಅದಕ್ಕೇ ನನ್ನ ಕೈಪಿಡಿಗಳಲ್ಲಿ ಮೊದಲ ಪುಟದಲ್ಲೇ ಬರೆಯುತ್ತೇನೆ: ಮೊದಲು ತಾಯಿ ಕಾರ್ಡಿನ ಸಂಖ್ಯೆಯಿಂದ ಹುಡುಕಿ, ಹೆಸರು ಆಮೇಲೆ. ಸೀರೆ, ಬಳೆಯ ಜೊತೆ ಆ ಕಾರ್ಡೂ ತವರಿಗೆ ಹೋಗಲಿ, ತಾಯಂದಿರೇ.

ಈ ದಾಖಲೆಯ ಮೇಲೆ ಹೊಟ್ಟೆಪಾಡೂ ನಿಂತಿದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯರಿಗೆ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಚಳಿಯಲ್ಲಿ ಅಹೋರಾತ್ರಿ ಕುಳಿತಾಗ, ತಿಂಗಳಿಗೆ 15,000 ರೂಪಾಯಿ ಗೌರವಧನದ ಜೊತೆಗೆ ಇನ್ನೊಂದು ಬೇಡಿಕೆಯಿತ್ತು: ತಾಯಿ ಮಕ್ಕಳ ಆರೋಗ್ಯದ ಲೆಕ್ಕವಿಡುವ ಆರ್‌ಸಿಎಚ್ ಪೋರ್ಟಲ್‌ನಿಂದ ಪ್ರೋತ್ಸಾಹಧನವನ್ನು ಬೇರ್ಪಡಿಸಿ. ನಾಲ್ಕು ಸಲ ಮನೆಗೆ ಹೋಗಿ ಬಂದವಳಿಗೆ ಯಂತ್ರ ಒಪ್ಪಲಿಲ್ಲವೆಂದು ದುಡ್ಡು ತಪ್ಪುವುದು ಯಾವ ನ್ಯಾಯ? ಇದನ್ನು ಕೈಪಿಡಿ ಬರೆದು ಸರಿಪಡಿಸಲಾಗದು. ಅವರ ಬೇಡಿಕೆ ನನಗೆ ಸರಿಯೆನಿಸುತ್ತದೆ.

ಕೋವಿನ್ ನಿಮಗೆ ನೆನಪಿದೆ. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರು ಲಸಿಕೆಗೆ ಮೊದಲೇ ಅದರಲ್ಲಿ ಸಮಯ ಹಿಡಿಯಬೇಕಿತ್ತು. ಅದಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ. ಆ ಒಂದು ತಿಂಗಳು ಇಂಗ್ಲಿಷ್ ಬಲ್ಲವರ ಬೆರಳು ಮುಂದೆ ಓಡಿತು.

ನಾನು ಕೈಪಿಡಿ ಬರೆಯುವ ಮೊದಲು ಉಪಕೇಂದ್ರದಲ್ಲಿ ಒಂದು ಲಸಿಕೆಯ ದಿನ ಸುಮ್ಮನೆ ಕುಳಿತು ನೋಡುತ್ತೇನೆ. ಒಂದು ಕೈಯಲ್ಲಿ ಅಳುವ ಕೂಸು, ಇನ್ನೊಂದರಲ್ಲಿ ಮೊಬೈಲು. ನಲವತ್ತು ಪುಟ ಓದಲು ಆಕೆಗೆ ಎಲ್ಲಿಯ ಬಿಡುವು? ಬೆರಳು ಎಲ್ಲಿ ತಡೆಯಿತೋ ಅದನ್ನೇ ಬರೆದುಕೊಳ್ಳುತ್ತೇನೆ. ಸಿಗ್ನಲ್ ಹೋದರೆ ತುಂಬಿದ್ದು ಉಳಿಯುತ್ತದೆಯೇ, ಕೆಂಪು ಅಕ್ಷರ ಬಂದರೆ ಯಾವುದನ್ನು ತಿದ್ದಬೇಕು, ಇಷ್ಟು ಒಂದೇ ಹಾಳೆಯಲ್ಲಿ ಗೋಡೆಗೆ ಅಂಟಿರಬೇಕು. "ಪ್ರಸವಪೂರ್ವ ತಪಾಸಣೆ" ಎಂದು ಬರೆದರೆ ಸಾಹೇಬರಿಗೆ ಸಂತೋಷ. "ಬಸುರಿ ತಪಾಸಣೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಈಗ ಬರೆಯುತ್ತಿರುವ ಕೈಪಿಡಿಯ ಎರಡು ಪುಟ ತಂದಿದ್ದೇನೆ. ಒಂಬತ್ತನೆಯ ಇಯತ್ತೆಯ ಮಕ್ಕಳು, ನಮ್ಮೂರ ಆಶಾ ಅಕ್ಕಂದಿರು ಓದಿ, ತಿಳಿಯದ ಮಾತಿನ ಕೆಳಗೆ ಗೆರೆ ಎಳೆಯಬೇಕು. ಪೆನ್ಸಿಲ್ಲೂ ತಂದಿದ್ದೇನೆ. ಊಟದ ಪಂಕ್ತಿ ಏಳುವುದರೊಳಗೆ ಕೊಟ್ಟರೆ ಸಂಜೆಯ ಬಸ್ಸಿಗೆ ಒಯ್ಯುತ್ತೇನೆ.