ತಂತಿಯಿಲ್ಲದ ಗಿಟಾರು

ಕಳೆದ ಬೇಸಿಗೆ ರಜೆಯಲ್ಲಿ ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂದು ವಾದ್ಯ ಕೆಟ್ಟಿತು. ವಾದ್ಯವೆಂದೆನಲ್ಲ, ಆ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಆಕಾರದಲ್ಲಿ ಅದು ಗಿಟಾರು. ಆದರೆ ಅದಕ್ಕೆ ತಂತಿಯಿಲ್ಲ, ತನ್ನದೆಂಬ ನಾದವೂ ಇಲ್ಲ. ವೀಣೆಗೆ 24 ಮೆಟ್ಟಿಲುಗಳಾದರೆ ಇದರ ಕತ್ತಿನ ಮೇಲೆ ಐದೇ ಗುಂಡಿಗಳು: ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ. ತಂತಿ ಮೀಟಬೇಕಾದ ಎಡೆಯಲ್ಲಿ ಮೇಲಕ್ಕೂ ಕೆಳಕ್ಕೂ ಆಡುವ ಒಂದು ಪಟ್ಟಿ. ಟೆಲಿವಿಷನ್ನಿನ ತೆರೆಯ ಮೇಲೆ ಬಣ್ಣಬಣ್ಣದ ಬಿಲ್ಲೆಗಳು ಇಳಿದು ಬರುತ್ತವೆ. ಬಿಲ್ಲೆ ಗೆರೆಯನ್ನು ಮುಟ್ಟಿದ ಕ್ಷಣದಲ್ಲಿ ಅದೇ ಬಣ್ಣದ ಗುಂಡಿಯನ್ನೊತ್ತಿ ಪಟ್ಟಿಯನ್ನು ಮೀಟಿದರೆ ಹಾಡು ಸಾಗುತ್ತದೆ. ತಪ್ಪಿದರೆ ಹಾಡಿನೊಳಗಿನ ಗಿಟಾರು ಬಾಯಿ ಮುಚ್ಚಿಕೊಳ್ಳುತ್ತದೆ. 2005ರಲ್ಲಿ ಅಮೆರಿಕದಲ್ಲಿ 'ಗಿಟಾರ್ ಹೀರೋ' ಎಂಬ ಆಟ ಹೊರಬಂದ ಮೇಲೆ ಇಂಥವಕ್ಕೆ ಅಪಾರ ಬೇಡಿಕೆ ಬಂದಿತಂತೆ. ಆರೇಳು ವರ್ಷಗಳಲ್ಲಿ ಗೀಳು ಇಳಿಯಿತು. ಇಂಥ ಕೃತಕ ಗಿಟಾರುಗಳಲ್ಲಿ ಒಂದು, ಯಾರು ಮಾಡಿದ್ದೆಂಬುದು ಇಲ್ಲಿ ಬೇಡ, ವಿದೇಶದಿಂದ ಹಿಂದಿರುಗಿದ ಮಗಳ ಸಾಮಾನಿನೊಡನೆ ಬಂದು ನಮ್ಮ ಅಟ್ಟ ಸೇರಿತ್ತು.

ಹತ್ತು ವರ್ಷದ ಮೊಮ್ಮಗ ಅದನ್ನು ಅಟ್ಟದಿಂದ ಇಳಿಸಿದ. ಪೆನ್ಸಿಲ್ ಸೆಲ್ಲು ಹಾಕಿದರೆ ಜೀವ ಬಂದಿತು. ಆದರೆ ಹಳದಿ ಮತ್ತು ನೀಲಿ ಗುಂಡಿಗಳು ಒಮ್ಮೆ ಕೆಲಸ ಮಾಡುವುವು, ಇನ್ನೊಮ್ಮೆ ಇಲ್ಲ. ಹುಡುಗ ದಿನವೆಲ್ಲ ಆಡಿ ಸೋತ. ಸೋತದ್ದು ತನ್ನ ಬೆರಳಿನ ದೋಷದಿಂದಲೇ ಎಂದು ಬಗೆದು ಕಣ್ಣೀರು ತಂದುಕೊಂಡ. ಇದು ನನಗೆ ಸಹಿಸಲಾಗದೆ ಹೋಯಿತು. ದುರಸ್ತಿಯ ಅಂಗಡಿಗೆ ಒಯ್ದೆ. ಅಂಗಡಿಯ ತರುಣ ಅದನ್ನು ಕೈಗೂ ತೆಗೆದುಕೊಳ್ಳದೆ, "ಇದು ರಿಪೇರಿ ಆಗೋದಲ್ಲ ಸಾರ್, ಬಿಸಾಕಿ" ಎಂದ.

ಮನೆಗೆ ಬಂದು ನಾನೇ ಬಿಚ್ಚಲು ಕುಳಿತೆ. ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದವನು ನಾನು. ಹಳಗನ್ನಡದ ಸಂಧಿಯನ್ನು ಬಿಡಿಸಬಲ್ಲೆ. ಆ ಗಿಟಾರಿನ ಬೆನ್ನಿನ ಸ್ಕ್ರೂಗಳು ಮಾತ್ರ ನನ್ನ ವಿದ್ಯೆಗೆ ಜಗ್ಗಲಿಲ್ಲ. ಅವುಗಳ ತಲೆಯಲ್ಲಿ ಸೀಳಿಲ್ಲ, ಆರು ಮೊನೆಯ ನಕ್ಷತ್ರದ ಗುಳಿ. ಅಡಿಗೆಮನೆಯ ಚಾಕುವಿನ ತುದಿಯಿಟ್ಟು ತಿರುಗಿಸಿದೆ. ಸ್ಕ್ರೂ ತಿರುಗಲಿಲ್ಲ, ಅದರ ತಲೆ ಸವೆಯಿತು. ಆಗ ನನ್ನಾಕೆ ಒಂದೇ ಮಾತು ಹೇಳಿದಳು: "ಭದ್ರಾವತಿಗೆ ಹೋಗಬಾರದೆ?"

ಭದ್ರಾವತಿಯಲ್ಲಿ ನನ್ನ ತಮ್ಮನಿದ್ದಾನೆ. ನಡುವಿನ ದಾರಿ 20 ಕಿಲೋಮೀಟರಿನ ಆಸುಪಾಸು, ಬಸ್ಸುಗಳಿಗೆ ಬರವಿಲ್ಲ. ಆದರೂ ನಾನು ಅವನ ಮನೆಯ ಮೆಟ್ಟಿಲು ಹತ್ತಿ ಎಷ್ಟೋ ವರ್ಷಗಳಾಗಿದ್ದುವು. ಅದಕ್ಕೆ ಕಾರಣವನ್ನು ಹೇಳದೆ ಈ ಭಾಷಣ ಮುಂದೆ ಸಾಗದು.

ನಮ್ಮ ತಂದೆಗೆ ಇಬ್ಬರನ್ನೂ ಓದಿಸುವ ಶಕ್ತಿಯಿರಲಿಲ್ಲ. ನಾನು ಎಂ.ಎ.ಗೆಂದು ಮೈಸೂರಿಗೆ ಹೋದೆ, ತಮ್ಮ ಐ.ಟಿ.ಐ. ಮುಗಿಸಿ 1979ರಲ್ಲಿ ಕಬ್ಬಿಣದ ಕಾರ್ಖಾನೆ ಸೇರಿದ. ವಿಶ್ವೇಶ್ವರಯ್ಯನವರು ಕಟ್ಟಿಸಿದ, 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಕೆಮ್ಮಣ್ಣುಗುಂಡಿಯ ಅದಿರು ಕರಗಿಸತೊಡಗಿದ ಕಾರ್ಖಾನೆ ಅದು. ಬೆಂಕೀಪುರವೆಂಬುದು ಆ ಊರಿನ ಹಳೆಯ ಹೆಸರು. ಹೆಸರು ಹೋದ ಮೇಲೆ ಬೆಂಕಿ ಬಂದಿತೆನ್ನಬೇಕು. ನನ್ನ ಕೊನೆಯ ವರ್ಷದ ಪರೀಕ್ಷಾ ಶುಲ್ಕ ಬಂದದ್ದು ತಮ್ಮನ ಸಂಬಳದಿಂದ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ 2017ರಲ್ಲಿ, ನನ್ನ ನಿವೃತ್ತಿಯ ಸಮಾರಂಭದಲ್ಲಿ, ಮಾತಿನ ಹುಮ್ಮಸ್ಸಿನಲ್ಲಿ ಅಂದುಬಿಟ್ಟೆ: "ನಮ್ಮ ಮನೆತನದಲ್ಲಿ ಅಕ್ಷರ ಹಿಡಿದವನು ನಾನೊಬ್ಬನೇ, ಮಿಕ್ಕವರು ಕಬ್ಬಿಣ ಬಡಿದವರು." ಸಭೆ ನಕ್ಕಿತು. ಮೂರನೆಯ ಸಾಲಿನಲ್ಲಿದ್ದ ತಮ್ಮನೂ ನಕ್ಕ, ಊಟ ಮಾಡಿ ಹೊರಟುಹೋದ. ಅನಂತರ ಅವನು ನಮ್ಮ ಮನೆಗೆ ಬಂದದ್ದು ಶ್ರಾದ್ಧಕ್ಕೆ ಮಾತ್ರ. ಹಾಗೆ ನೋಡಿದರೆ ಅವನು ಕಬ್ಬಿಣ ಬಡಿದವನೂ ಅಲ್ಲ. ಅವನಿದ್ದದ್ದು ವಿದ್ಯುತ್ ವಿಭಾಗದಲ್ಲಿ. ಅಷ್ಟನ್ನೂ ನಾನು ವಿಚಾರಿಸಿರಲಿಲ್ಲ.

ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಮೊಮ್ಮಗನೊಡನೆ, ಒಂದು ಬೆಳಿಗ್ಗೆ ಬಸ್ಸು ಹತ್ತಿದೆ. ತಮ್ಮ ಬಾಗಿಲಲ್ಲಿ ನಿಂತು ಮೊದಲು ನನ್ನನ್ನೂ ಅನಂತರ ಆ ಗಂಟನ್ನೂ ನೋಡಿದ. ಏನನ್ನೂ ಕೇಳದೆ ಮೇಜಿನ ಮೇಲಿದ್ದ ಪತ್ರಿಕೆಗಳನ್ನು ಸರಿಸಿ ಜಾಗ ಮಾಡಿದ.

"ತಿರುಪುಳಿ ಇದೆಯೇನೋ, ನಕ್ಷತ್ರದ್ದು?" ಎಂದೆ.

"ಅದೆಲ್ಲ ನಿನ್ನ ನಿಘಂಟಿನಲ್ಲಿ. ನನ್ನ ಹತ್ತಿರ ಸ್ಕ್ರೂಡ್ರೈವರ್ ಇದೆ, ಅಣ್ಣಯ್ಯ."

ಆದರೆ ಅವನು ಸ್ಕ್ರೂಡ್ರೈವರನ್ನು ಕೂಡಲೆ ಎತ್ತಿಕೊಳ್ಳಲಿಲ್ಲ. ವೈದ್ಯರು ರೋಗಿಯನ್ನು ಕೇಳುವಂತೆ ಹುಡುಗನನ್ನು ಕೇಳತೊಡಗಿದ. ಯಾವ ಗುಂಡಿ? ಯಾವಾಗ? ಗಿಟಾರನ್ನು ನಿಲ್ಲಿಸಿ ಹಿಡಿದಾಗಲೋ, ಮಲಗಿಸಿದಾಗಲೋ? ಕತ್ತನ್ನು ಒತ್ತಿ ಹಿಡಿದರೆ ಸರಿಹೋಗುತ್ತದೆಯೇ? "ಹೌದು ಚಿಕ್ಕಜ್ಜ, ಒತ್ತಿದರೆ ಬರುತ್ತೆ" ಎಂದ ಹುಡುಗ. "ಹಾಗಾದರೆ ಗುಂಡಿ ಕೆಟ್ಟಿಲ್ಲ ಮರಿ. ನಿನ್ನ ಬೆರಳೂ ಕೆಟ್ಟಿಲ್ಲ" ಎಂದ ತಮ್ಮ. ಹುಡುಗನ ಮುಖ ಅರಳಿದ್ದನ್ನು ನಾನು ಕಂಡೆ.

ಆ ಗಿಟಾರಿನ ಕತ್ತು ಕಳಚಿ ಜೋಡಿಸುವಂಥದು. ಗುಂಡಿಯ ಕೆಳಗೆ ರಬ್ಬರು. ರಬ್ಬರಿನ ತಳದಲ್ಲಿ ಕಪ್ಪು ಚುಕ್ಕೆ. ಒತ್ತಿದಾಗ ಆ ಚುಕ್ಕೆ ಹಲಗೆಯ ಮೇಲಿನ ಎರಡು ಲೋಹದ ಗೆರೆಗಳನ್ನು ಕೂಡಿಸುತ್ತದೆ. ಟೀವಿಯ ರಿಮೋಟಿನಲ್ಲೂ ಇದೇ ಏರ್ಪಾಡು. ಕೂಡಿದ ಸುದ್ದಿ ಕತ್ತಿನಿಂದ ಒಡಲಿಗೆ ದಾಟಬೇಕಷ್ಟೆ? ದಾಟುವ ಎಡೆಯಲ್ಲಿ ಒಂದು ಕಡೆ ಪುಟ್ಟ ಲೋಹದ ಬಿಲ್ಲೆಗಳು, ಎದುರಿಗೆ ಅವುಗಳನ್ನು ಮುಟ್ಟುವ ತೆಳುವಾದ ನಾಲಗೆಗಳು. ನಮ್ಮ ಮಲೆನಾಡಿನ ಮಳೆಗಾಲದ ತೇವ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಸುವ ತೇವ ಲೋಹವನ್ನು ಬಿಟ್ಟೀತೆ? ಬಿಲ್ಲೆಗಳು ಮಂಕಾಗಿದ್ದುವು, ಎರಡು ನಾಲಗೆಗಳು ವರ್ಷಾಂತರದ ಒತ್ತಡದಿಂದ ತಗ್ಗಿದ್ದುವು. ಕತ್ತು ಅಲುಗಿದಾಗಲೆಲ್ಲ ಸಂಪರ್ಕ ತಪ್ಪುತ್ತಿತ್ತು.

ತಮ್ಮ ಸೆಲ್ಲುಗಳನ್ನು ತೆಗೆದಿಟ್ಟ. ಹುಡುಗನ ಪೆನ್ಸಿಲ್ ರಬ್ಬರಿನಿಂದ ಬಿಲ್ಲೆಗಳನ್ನು ಮೆಲ್ಲನೆ ಉಜ್ಜಿ, ಪುಡಿಯನ್ನು ಕೊಡವಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದ. ಸೂಜಿಯ ಮೊನೆಯಿಂದ ನಾಲಗೆಗಳನ್ನು ಕೂದಲೆಳೆಯಷ್ಟು ಮೇಲೆತ್ತಿದ. ಮೇಲೆತ್ತುವಾಗ ಅವನು ಉಸಿರು ಬಿಗಿ ಹಿಡಿದಿದ್ದ; ಹೆಚ್ಚು ಬಾಗಿಸಿದರೆ ಮುರಿಯುತ್ತವೆ, ತರಲು ಬೇರೆಯವು ಸಿಗುವುದಿಲ್ಲ. ಬಾಲ್ಯದಲ್ಲಿ ಹಾಳಾದ ರೇಡಿಯೋ ಬಿಚ್ಚಿಕೊಂಡು ಕೂತಾಗಲೂ ಅವನು ಹೀಗೆಯೇ ಉಸಿರು ಹಿಡಿಯುತ್ತಿದ್ದ. ನಾನು ಪಕ್ಕದಲ್ಲಿ ಪದ್ಯ ಉರುಹೊಡೆಯುತ್ತ "ಸದ್ದು ಮಾಡಬೇಡವೋ" ಎಂದು ಗದರುತ್ತಿದ್ದೆ.

"ಅವತ್ತು ಸಭೆಯಲ್ಲಿ ನಾನು ಹಾಗೆ..." ಎಂದು ತೊಡಗಿದೆ.

"ಬೆಳಕಿಗೆ ಅಡ್ಡ ನಿಂತಿದ್ದೀಯ ಅಣ್ಣಯ್ಯ, ಸ್ವಲ್ಪ ಸರಿ" ಎಂದ.

ಸರಿದು ನಿಂತೆ. ಕತ್ತನ್ನು ಜೋಡಿಸಿ ಮೀಟರಿನ ಕಡ್ಡಿಗಳನ್ನಿಟ್ಟು ಒಂದೊಂದೇ ಗುಂಡಿಯನ್ನು ಒತ್ತಿಸಿದ. ಐದಕ್ಕೂ ಮೀಟರು ಕೀರ್ ಎಂದಿತು. ಕತ್ತನ್ನು ಅಲುಗಿಸಿದರೂ ಎಂದಿತು. ಆಮೇಲೆ ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತು, "ಮುಚ್ಚುವ ಕೆಲಸ ನಿನ್ನದು" ಎಂದು ಕಾಫಿ ತರಲು ಒಳಗೆ ಹೋದ. ನಾನು ಒಂದೊಂದಾಗಿ ಬಿಗಿಸಿದೆ. ಹಿಂದಿರುಗಿ ಬಂದವನು ತಲೆ ಸವೆದಿದ್ದ ಸ್ಕ್ರೂವನ್ನು ಬೆರಳಿನಿಂದ ಸವರಿ ನೋಡಿದ. ನಾನು ಕಾಫಿಯ ಲೋಟದೊಳಗೆ ನೋಡುತ್ತಿದ್ದೆ.

ಆ ರಾತ್ರಿ ಶಿವಮೊಗ್ಗದಲ್ಲಿ ಹಳದಿಯೂ ನೀಲಿಯೂ ತಪ್ಪಲಿಲ್ಲ. ಹುಡುಗ ಒಂದು ಹಾಡನ್ನು ಪೂರ್ತಿ ಮುಗಿಸಿದ. ನಾನೂ ಕೈಯಿಟ್ಟು ಅರ್ಧ ನಿಮಿಷದೊಳಗೆ ಸೋತೆ. ಊಟವಾದ ಮೇಲೆ ಹುಡುಗ ಚಿಕ್ಕಜ್ಜನಿಗೆ ಫೋನ್ ಮಾಡಿ ವರದಿಯೊಪ್ಪಿಸಿದ: ಎಲ್ಲ ಸರಿಯಾಗಿದೆ, ಮೀಟುವ ಪಟ್ಟಿ ಮಾತ್ರ ಕೆಳಗಡೆಗೆ ಒಂದಿಷ್ಟು ಬಿಗಿಯಾಗಿದೆ. ಅತ್ತ ಕಡೆ ಏನು ಹೇಳಿದನೋ, ಹುಡುಗ ನಗುತ್ತ ಫೋನನ್ನು ನನಗೆ ಕೊಟ್ಟ.

"ಭಾನುವಾರ ನಾನೇ ಬರುತ್ತೇನೆ ಅಣ್ಣಯ್ಯ. ಹೊಸ ಸ್ಕ್ರೂ ಒಂದು ತರುತ್ತೇನೆ. ಅಲ್ಲಿಯವರೆಗೆ ನೀನು ಆ ಚಾಕು ಮುಟ್ಟಬೇಡ" ಎಂದ.