ಮೊದಲ ಹೊಲಿಗೆ ಯಂತ್ರ: ಕೊಳ್ಳುವ ಮುನ್ನ

(ಹೊಲಿಗೆ ತರಗತಿಯ ವಿದ್ಯಾರ್ಥಿನಿಯರ ಮುಂದೆ ಮಾಡಿದ ಭಾಷಣದ ಬರಹರೂಪ)





ಈಗ ನಿಮ್ಮೆಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಯಾವ ಮಿಷನ್ ಕೊಳ್ಳಬೇಕು? ಇದಕ್ಕಾಗಿ ಕೆಲವರ ಮನೆಯಲ್ಲಿ ಚೀಟಿ ಹಣ ಎತ್ತಿರಬಹುದು, ಕೆಲವರ ಮನೆಯಲ್ಲಿ ಒಡವೆ ಅಡವಿಟ್ಟಿರಬಹುದು. ಆದ್ದರಿಂದ ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಹೊಲಿಗೆ ಕಲಿತಾಗ ನಮ್ಮ ಮನೆ ಚಾಮರಾಜಪೇಟೆಯ ಆಜಾದ್ ನಗರದಲ್ಲಿತ್ತು. ಅಮ್ಮಿ ತಮ್ಮ ಎರಡು ಬಳೆ ಮಾರಿ ಹಣ ಕೊಟ್ಟರು. ಅಂಗಡಿಯವರು ಹೂವು, ಬಳ್ಳಿ, ಜಿಗ್‌ಜಾಗ್ ಎಲ್ಲವನ್ನೂ ಹಾಕುವ ವಿದ್ಯುತ್ ಮಿಷನ್ ತೋರಿಸಿದರು. ನಾನು ಮರುಳಾದೆ. ಏಳು ತಿಂಗಳಲ್ಲಿ ಅದರೊಳಗಿನ ಪ್ಲಾಸ್ಟಿಕ್ ಗೇರ್ ಮುರಿಯಿತು. ನಮ್ಮ ಗಲ್ಲಿಯ ರಿಪೇರಿಯವರು ಬಿಚ್ಚಿ ನೋಡಿ, "ಇದರ ಸಾಮಾನು ನಮ್ಮಲ್ಲಿ ಸಿಗುವುದಿಲ್ಲಮ್ಮ" ಎಂದು ಮುಚ್ಚಿದರು. ಅದು ರಂಜಾನ್ ತಿಂಗಳು. ಪಕ್ಕದ ಮನೆಯ ಮಕ್ಕಳ ಈದ್ ಬಟ್ಟೆಯನ್ನು ಕತ್ತರಿಸಿಟ್ಟಿದ್ದೆ. ಆ ತುಂಡುಗಳನ್ನು ಗಂಟು ಕಟ್ಟಿ ಹಿಂದಿರುಗಿಸಿದ ದಿನದ ನಾಚಿಕೆಯನ್ನು ಇಂದಿಗೂ ಮರೆತಿಲ್ಲ.

ಆದ್ದರಿಂದ ನನ್ನ ಮಾತಿನ ಸಾರ ಇಷ್ಟೇ: ಹೆಚ್ಚು ಕೆಲಸ ಮಾಡುವ ಮಿಷನ್ ಬೇಡ, ಕೆಟ್ಟರೆ ನಿಮ್ಮ ಬೀದಿಯಲ್ಲೇ ದುರಸ್ತಿಯಾಗುವ ಮಿಷನ್ ಕೊಳ್ಳಿ.

ಮೊದಲು ನಿಮಗೆ ಬರುವ ಕೆಲಸ ಯಾವುದೆಂದು ಯೋಚಿಸಿ. ಗಾಂಧಿ ಬಜಾರಿನ ಕಡೆಯವರಾಗಲಿ, ಮಲ್ಲೇಶ್ವರದ ಕಡೆಯವರಾಗಲಿ ಹೊಸಬರಿಗೆ ಕೊಡುವುದು ಬ್ಲೌಸು, ಚೂಡಿದಾರ, ಸೀರೆಯ ಫಾಲ್, ಶಾಲೆಯ ಸಮವಸ್ತ್ರ, ದಿಂಬಿನ ಚೀಲ. ಇವಕ್ಕೆಲ್ಲ ನೇರ ಹೊಲಿಗೆ ಸಾಕು. ಪೀಕೋ, ಓವರ್‌ಲಾಕ್ ಬೇಕಾದಾಗ ಅದೇ ಕೆಲಸ ಮಾಡುವ ಅಂಗಡಿಗೆ ಕೊಟ್ಟು ಮಾಡಿಸಿಕೊಳ್ಳಿ.

ನೇರ ಹೊಲಿಗೆಗೆ ಕಬ್ಬಿಣದ ಕಪ್ಪು ಮಿಷನ್, ಕಾಲಿನಲ್ಲಿ ತುಳಿಯುವ ಸ್ಟ್ಯಾಂಡ್, ದುಂಡು ಬಾಬಿನ್: ಹೊಸಬರಿಗೆ ಇದೇ ಸರಿ. ಕೈಯಿಂದ ತಿರುಗಿಸುವ ಮಿಷನ್ ಅಗ್ಗ, ಆದರೆ ಬಟ್ಟೆ ಹಿಡಿಯಲು ಒಂದೇ ಕೈ ಉಳಿಯುತ್ತದೆ. ಕಾಲಿನ ಮಿಷನ್ನಿಗೆ ಕರೆಂಟಿನ ಹಂಗಿಲ್ಲ, ನಾಳೆ ಬೇಕೆಂದರೆ ಚಿಕ್ಕ ಮೋಟಾರನ್ನೂ ಕೂರಿಸಬಹುದು. ಗಾರ್ಮೆಂಟ್ಸ್ ಕಾರ್ಖಾನೆಯ ಮಿಷನ್ ನಿಮಿಷಕ್ಕೆ 4,000-5,000 ಹೊಲಿಗೆ ಹಾಕುತ್ತದೆ. ಹೊಸ ಕೈಗೆ ಆ ವೇಗ ಬಗ್ಗುವುದಿಲ್ಲ, ಅದರ ಮೇಜಿಗೆ ನಮ್ಮ ಮನೆಗಳಲ್ಲಿ ಜಾಗವೂ ಇಲ್ಲ.

ಹಳೆಯ ಮಿಷನ್ ಎಂದರೆ ಮೂಗು ಮುರಿಯಬೇಡಿ. ಆ ಕಹಿಯ ನಂತರ ನಾನು ಕೊಂಡದ್ದು ಒಬ್ಬ ಹಿರಿಯ ದರ್ಜಿಯವರ ಹಳೆಯ ಕಪ್ಪು ಮಿಷನ್. ಆದರೆ ಹೊಸದಿರಲಿ, ಹಳೆಯದಿರಲಿ, ಪರೀಕ್ಷಿಸದೆ ಹಣ ಕೊಡಬೇಡಿ.

ಮೊದಲು ದಾರ ಹಾಕದೆ ಚಕ್ರವನ್ನು ಕೈಯಿಂದ ತಿರುಗಿಸಿ. ಎಲ್ಲಿಯೂ ತಡೆಯಬಾರದು, ಸದ್ದು ಒಂದೇ ಸಮ ಇರಬೇಕು. ಚಕ್ರ ಹಿಡಿದು ಅಲ್ಲಾಡಿಸಿ, ಲಟಪಟ ಎಂದರೆ ಒಳಗೆ ಸವೆದಿದೆ. ಮನೆಯಿಂದಲೇ ಎರಡು ಬಗೆಯ ಬಟ್ಟೆ ಒಯ್ಯಿರಿ: ಒಂದು ತೆಳುವಾದ ಮಲ್ಲು, ಒಂದು ದಪ್ಪ ಜೀನ್ಸ್. ಎರಡರ ಮೇಲೂ ಹೊಲಿದು ನೋಡಿ. ಮೇಲೆ, ಕೆಳಗೆ ಹೊಲಿಗೆ ಒಂದೇ ರೀತಿ ಕಾಣಬೇಕು. ಕೆಳಗೆ ದಾರ ಗುಂಗುರಾದರೆ ಮೇಲಿನ ದಾರ ಪೋಣಿಸಿದ್ದು ಅಥವಾ ಅದರ ಬಿಗಿ ಸರಿಯಿಲ್ಲ. ಅಂಗಡಿಯವರು ನಿಮ್ಮ ಎದುರಿಗೇ ಸರಿಪಡಿಸಲಿ. ಬಟ್ಟೆ ತಾನಾಗಿ ಮುಂದಕ್ಕೆ ಹೋಗದಿದ್ದರೆ ಕೆಳಗಿನ ಹಲ್ಲು ಸವೆದಿರಬಹುದು. ಕೊನೆಗೆ, ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗುಬಿಡಿ. ಸುಮ್ಮನೆ ಜಾರಿ ಬೀಳಬಾರದು, ಮೆಲ್ಲಗೆ ಜಗ್ಗಿದರೆ ಸ್ವಲ್ಪ ಇಳಿಯಬೇಕು.

ಇನ್ನು ಹಣದ ಮಾತು. ಕೈಯಲ್ಲಿರುವುದನ್ನು ನಾಲ್ಕು ಪಾಲು ಮಾಡಿ, ಮೂರು ಪಾಲಿನಲ್ಲೇ ಮಿಷನ್ ಮುಗಿಸಿ. ನಾಲ್ಕನೆಯದು ಒಳ್ಳೆಯ ಕತ್ತರಿ, ಟೇಪು, ಬಾಬಿನ್‌ಗಳು, ಸೂಜಿಗಳು ಮತ್ತು ಮೊದಲ ಸರ್ವೀಸಿಗೆ ಇರಲಿ. ತೆಳು ಬಟ್ಟೆಗೆ 11ನೇ ನಂಬರ್ ಸೂಜಿ, ಸಾಮಾನ್ಯ ಹತ್ತಿ ಬಟ್ಟೆಗೆ 14, ಜೀನ್ಸಿಗೆ 16 ಅಥವಾ 18. ಎಣ್ಣೆ ಮಿಷನ್ನಿನದೇ ಆಗಿರಲಿ. ಕೊಬ್ಬರಿ ಎಣ್ಣೆ ಬಿಟ್ಟರೆ ಅಂಟುಗಟ್ಟಿ ಚಕ್ರವೇ ಹಿಡಿದುಕೊಳ್ಳುತ್ತದೆ.

ಹೊಲಿಗೆ ಯಂತ್ರವನ್ನು ಕಂತಿನಲ್ಲಿ ಮಾರುವುದು ಹೊಸದಲ್ಲ. ಅಮೆರಿಕದ ಸಿಂಗರ್ ಕಂಪೆನಿ 1850ರ ದಶಕದಲ್ಲೇ ಶುರುಮಾಡಿತ್ತು. ಕಂತು ತಪ್ಪಲ್ಲ, ಲೆಕ್ಕ ಹಾಕದಿರುವುದು ತಪ್ಪು. 9,000 ರೂಪಾಯಿಯ ಮಿಷನ್ನಿಗೆ ತಿಂಗಳಿಗೆ 1,000ದಂತೆ 12 ಕಂತು ಎಂದರೆ 3,000 ರೂಪಾಯಿ ಹೆಚ್ಚು ಕೊಟ್ಟಂತೆ. ಅದು ಎಷ್ಟು ಬ್ಲೌಸಿನ ಕೂಲಿ ಎಂದು ನೀವೇ ಎಣಿಸಿ.

ಸರ್ಕಾರದ ನೆರವನ್ನೂ ವಿಚಾರಿಸಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಆಯ್ಕೆಯಾದವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ಮತ್ತು ಉಪಕರಣಕ್ಕೆಂದು 15,000 ರೂಪಾಯಿವರೆಗಿನ ವೋಚರ್ ಗೊತ್ತುಪಡಿಸಿದ್ದಾರೆ. 18 ವರ್ಷ ತುಂಬಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಈಗ ಅರ್ಜಿ ಪಡೆಯುತ್ತಿದ್ದಾರೆಯೇ ಎಂದು ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿ. "ಮಾಡಿಸಿಕೊಡುತ್ತೇನೆ" ಎನ್ನುವ ದಲ್ಲಾಳಿಗೆ ಹಣ ಕೊಡಬೇಡಿ.

ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಅದು ಮನುಷ್ಯರ ಕೆಲಸ ಕಸಿಯದೆ ದುಡಿಯುವ ಕೈಗೆ ನೆರವಾಗುತ್ತದೆ ಎಂಬುದು ಅವರ ಭಾವನೆ. ಆ ಕೈ ನಿಮ್ಮದು. ಆದ್ದರಿಂದ ಮಿಷನ್ನಿನ ರಸೀದಿಯೂ ನಿಮ್ಮ ಹೆಸರಿನಲ್ಲೇ ಇರಲಿ. ಓದುತ್ತಿರುವವರು ಓದನ್ನು ಬಿಡಬೇಡಿ. ಮಿಷನ್ ಸಂಜೆಗೆ ಕಾಯುತ್ತದೆ, ಪರೀಕ್ಷೆ ಕಾಯುವುದಿಲ್ಲ.

ಆ ಹಳೆಯ ಕಪ್ಪು ಮಿಷನ್ನಿನ ದುಡಿಮೆಯಿಂದ ಎರಡು ವರ್ಷದ ನಂತರ ಅಮ್ಮಿಗೆ ಬಳೆ ಮಾಡಿಸಿದೆ. ಎರಡು ಮಾಡಿಸಲಾಗಲಿಲ್ಲ, ಒಂದೇ ಆಯಿತು. ನಿಮ್ಮ ಮನೆಯ ಬಳೆ ಹಾಗೆ ಹೋಗದಿರಲಿ ಎಂದೇ ಇಷ್ಟು ಹೇಳಿದೆ. ಕೊಳ್ಳಲು ಹೋಗುವ ದಿನ ಒಬ್ಬರೇ ಹೋಗಬೇಡಿ, ನಿಮ್ಮ ಟೀಚರನ್ನೋ ಪರಿಚಯದ ದರ್ಜಿಯೊಬ್ಬರನ್ನೋ ಕರೆದುಕೊಂಡು ಹೋಗಿ.