ಬರಿಗಾಲಿನ ಮಳೆಗಾಲ

ಗೋಕಾಕ, ಮೂಡಲಗಿ, ಹುಕ್ಕೇರಿಯ ಹುಡುಗರಿಗೆ ಈಗ ಹತ್ತಿರದಲ್ಲೇ ಕಾಲೇಜುಗಳಿವೆ. 1911ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಒಂದೂ ಪದವಿ ಕಾಲೇಜು ಇರಲಿಲ್ಲ. ಬಿ.ಎ. ಓದಬೇಕೆಂದರೆ ಗಂಟುಮೂಟೆ ಕಟ್ಟಿ ಜಿಲ್ಲೆಯ ಹೊರಗೆ ಹೋಗಬೇಕಿತ್ತು. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ, ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. ಕಾಲೇಜೇ ಇಲ್ಲದ ಕಡೆ ಕಾಲೇಜು ಫುಟ್‌ಬಾಲ್ ತಂಡ ಎಲ್ಲಿಂದ ಬಂದೀತು?

ಇಲ್ಲಿ ಹೀಗಿದ್ದಾಗ, ದೂರದಲ್ಲಿ ಫುಟ್‌ಬಾಲ್ ರಂಗೇರಿತ್ತು. ಅದೇ 1911ರ ಮಳೆಗಾಲ, ಜುಲೈ 29. ಕೋಲ್ಕತ್ತದಲ್ಲಿ ಐಎಫ್‌ಎ ಶೀಲ್ಡ್ ಫುಟ್‌ಬಾಲಿನ ಫೈನಲ್. ಒಂದು ಕಡೆ ಬೂಟು ತೊಟ್ಟ ಬ್ರಿಟಿಷ್ ಪಡೆಯ ಈಸ್ಟ್ ಯಾರ್ಕ್‌ಷೈರ್ ಸೈನಿಕರು, ಇನ್ನೊಂದು ಕಡೆ ಬರಿಗಾಲಿನ ಭಾರತೀಯ ತಂಡ ಮೋಹನ್ ಬಾಗಾನ್. ನಮ್ಮವರಲ್ಲಿ ಬೂಟು ಹಾಕಿದ್ದವರು ಒಬ್ಬರೇ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸುಧೀರ್ ಚಟರ್ಜಿ. ಮೇಷ್ಟ್ರೇ ಮೈದಾನಕ್ಕಿಳಿದ ಕಾಲ ನೋಡಿ! ಮೊದಲ ಗೋಲು ಸೈನಿಕರದು. ನಾಯಕ ಶಿವದಾಸ್ ಭಾದುರಿ ಸಮ ಮಾಡಿದರು. ಆಟ ಮುಗಿಯುವ ಹೊತ್ತಿಗೆ ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. 2-1. ಮುಂದೆ 1937ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿ ಗೆದ್ದುಕೊಂಡಿತು.

ನಿಮ್ಮೂರ ಕಾಲೇಜು ಮೈದಾನದಲ್ಲಿ ಇಂದು ಸಂಜೆ ಹುಡುಗರು, ಹುಡುಗಿಯರು ಚೆಂಡು ಒದೆಯುತ್ತಿದ್ದರೆ ಅರ್ಧ ಗಂಟೆ ನಿಂತು ನೋಡಿ ಬನ್ನಿ. ಪಾಠ ಹೇಳುವವರು ನೀವಾದರೆ, ನೀವೂ ಆಟಕ್ಕಿಳಿಯಿರಿ.